ಸಿಮ್ಯುಲೇಶನ್‌ನಲ್ಲಿ ಸರಿ ಇರೋ ಡಿಸಿ ಮೋಟಾರ್ ಬೆಂಚ್ ಮೇಲೆ ಯಾಕೆ ತುಯ್ದಾಡುತ್ತೆ? ಮಾಡೆಲ್ ಕಟ್ಟೋದನ್ನ ಎಲ್ಲಿಂದ ಶುರು ಮಾಡ್ಬೇಕು?

ತಿರುಗುಚಕ್ರ

12 ವೋಲ್ಟ್ ಬ್ರಷ್ ಡಿಸಿ ಮೋಟಾರ್, ಗೇರ್‌ಬಾಕ್ಸ್ ಇಲ್ಲ. ಹಿಂಭಾಗದಲ್ಲಿ ತಿರುಗೋದನ್ನ ಎಣಿಸೋ ಮ್ಯಾಗ್ನೆಟಿಕ್ ಎನ್‌ಕೋಡರ್ ಇದೆ: ಸುತ್ತಿಗೆ 11 ಪಲ್ಸ್, ಎರಡೂ ಚಾನೆಲ್‌ನ ಎಲ್ಲ ಅಂಚು ಎಣಿಸಿದರೆ 44. ಡ್ರೈವರ್ ಎಲ್298ಎನ್, ಬೋರ್ಡ್ ಆರ್ಡುಯಿನೋ ಊನೋ. ಪಿಡಬ್ಲ್ಯುಎಂ (ವೋಲ್ಟೇಜನ್ನ ಬೇಗಬೇಗ ಆನ್-ಆಫ್ ಮಾಡೋ ಸಿಗ್ನಲ್) ಎನೇಬಲ್ ಪಿನ್‌ಗೆ ಕೊಟ್ಟಿದೆ, ಡೀಫಾಲ್ಟ್ 490 ಹರ್ಟ್ಸ್. ಕಂಟ್ರೋಲ್ ಲೂಪ್ 10 ಮಿಲಿಸೆಕೆಂಡಿಗೊಮ್ಮೆ ಓಡುತ್ತೆ.

ಬೆಂಚ್ ಸಪ್ಲೈಯಿಂದ ನೇರವಾಗಿ 6 ವೋಲ್ಟ್ ಕೊಟ್ಟಾಗ ವೇಗ ಏರೋ ರೀತಿ ನೋಡಿ ಮೊದಲ ದರ್ಜೆಯ ಮಾಡೆಲ್ ತೆಗೆದಿದೆ: ಗೇನ್ ಸುಮಾರು 26 (ವೋಲ್ಟಿಗೆ ಅಷ್ಟು ರೇಡಿಯನ್/ಸೆ), ಟೈಮ್ ಕಾನ್‌ಸ್ಟಂಟ್ (ಏರಿಕೆಯ 63% ಮುಗಿಯೋ ಸಮಯ) ಸುಮಾರು 18 ಮಿ.ಸೆ. ಅದನ್ನ ಎಕ್ಸ್‌ಕಾಸ್‌ನಲ್ಲಿ (ಸೈಲ್ಯಾಬ್‌ನ ಬ್ಲಾಕ್ ಚಿತ್ರದ ಸಿಮ್ಯುಲೇಟರ್) ಹಾಕಿ ಪಿಐ (ಪ್ರೊಪೋರ್ಷನಲ್-ಇಂಟಿಗ್ರಲ್ ಕಂಟ್ರೋಲರ್) ಟ್ಯೂನ್ ಮಾಡಿದರೆ ಪ್ರೊಪೋರ್ಷನಲ್ ಗೇನ್ 0.14, ಇಂಟಿಗ್ರಲ್ ಗೇನ್ 7.7 ಬರುತ್ತೆ. ಸಿಮ್ಯುಲೇಶನ್‌ನಲ್ಲಿ 5 ಮಿ.ಸೆ. ಟೈಮ್ ಕಾನ್‌ಸ್ಟಂಟ್‌ನಲ್ಲಿ ನಯವಾಗಿ ಏರಿ ನಿಲ್ಲುತ್ತೆ. ಬೆಂಚ್ ಮೇಲೆ ಅದೇ ಗೇನ್ ಹಾಕಿದರೆ ವೇಗ ಮೇಲೆ-ಕೆಳಗೆ ತುಯ್ದಾಡ್ತಾನೇ ಇರುತ್ತೆ. ಜೊತೆಗೆ ಡ್ಯೂಟಿ (ಪಿಡಬ್ಲ್ಯುಎಂ ಅವಧಿಯಲ್ಲಿ ಆನ್ ಇರೋ ಪಾಲು) ಸುಮಾರು 15% ಆಗೋ ತನಕ ಮೋಟಾರ್ ಅಲುಗಾಡೋದೇ ಇಲ್ಲ.

ಮಾಡೆಲ್‌ನಲ್ಲಿ ಏನು ಬಿಟ್ಟುಹೋಗಿದೆ, ಯಾವ ಕ್ರಮದಲ್ಲಿ ಸೇರಿಸ್ಬೇಕು ಅಂತ ತಿಳಿದವರು ಹೇಳಿ.

ಜಡತ್ವ

ತುಯ್ದಾಟಕ್ಕೆ ಕಾರಣ ಕಾಗದದ ಮೇಲೇ ಸಿಗುತ್ತೆ, ಸಿಮ್ಯುಲೇಶನ್‌ಗೂ ಹೋಗ್ಬೇಕಿಲ್ಲ. ನಿಮ್ಮ ಲೂಪ್‌ನಲ್ಲಿರೋ ತಡವನ್ನ ಕೂಡಿಸಿ. ಹಿಂದಿನ 10 ಮಿ.ಸೆ.ಯಲ್ಲಿ ಬಂದ ಎಣಿಕೆಯಿಂದ ವೇಗ ಲೆಕ್ಕ ಹಾಕ್ತೀರಿ. ಹಾಗಾಗಿ ಸಿಗೋದು ಈ ಕ್ಷಣದ ವೇಗ ಅಲ್ಲ, ಅರ್ಧ ಸ್ಯಾಂಪಲ್ ಹಿಂದಿನ ವೇಗ: 5 ಮಿ.ಸೆ. ಲೆಕ್ಕ ಹಾಕಿದ ವೋಲ್ಟೇಜ್ ಮುಂದಿನ ಸ್ಯಾಂಪಲ್‌ನಲ್ಲಿ ಹೊರಗೆ ಹೋಗುತ್ತೆ: 10 ಮಿ.ಸೆ. ಹೋದ ವೋಲ್ಟೇಜ್ ಇಡೀ ಸ್ಯಾಂಪಲ್ ಬದಲಾಗದೆ ನಿಲ್ಲುತ್ತೆ: ಸರಾಸರಿ ಇನ್ನೊಂದು 5. ಒಟ್ಟು 20 ಮಿ.ಸೆ., ಅಂದರೆ ಮೋಟಾರಿನ ಟೈಮ್ ಕಾನ್‌ಸ್ಟಂಟ್‌ಗಿಂತ ಜಾಸ್ತಿ.

5 ಮಿ.ಸೆ. ಕೇಳಿದಿರಿ ಅಂದರೆ ಕ್ರಾಸ್‌ಓವರ್ (ಲೂಪ್ ಗೇನ್ 1 ಆಗೋ ಆವರ್ತನ) 200 ರೇಡಿಯನ್/ಸೆ. 200 × 0.02 = 4 ರೇಡಿಯನ್, 229 ಡಿಗ್ರಿ ಫೇಸ್ ಲ್ಯಾಗ್. ನಿಮ್ಮ ಆದರ್ಶ ಲೂಪ್‌ನ ಫೇಸ್ ಮಾರ್ಜಿನ್ (ಸ್ಥಿರತೆ ಕೆಡೋ ಮುನ್ನ ತಾಳಬಲ್ಲ ಲ್ಯಾಗ್) 90 ಡಿಗ್ರಿ. ಹಾಗಿರುವಾಗ ಈ ಲೂಪ್ ಸ್ಥಿರ ಆಗೋ ಮಾತೇ ಇಲ್ಲ. ತುಯ್ದಾಟ ಬೆಳೀತಾ ಹೋಗದೆ ಒಂದು ಮಟ್ಟದಲ್ಲಿ ನಿಂತಿರೋದು ಸಪ್ಲೈ 12 ವೋಲ್ಟಿಗೆ ಕಟ್ಟಿಹಾಕಿರೋದರಿಂದ ಮಾತ್ರ.

ಇನ್ನೊಂದು ಲೆಕ್ಕ. 0 ಇಂದ 200 ರೇಡಿಯನ್/ಸೆ.ಗೆ ಸ್ಟೆಪ್ ಕೊಟ್ಟ ಕ್ಷಣದಲ್ಲಿ ನಿಮ್ಮ ಪಿಐ ಕೇಳೋ ವೋಲ್ಟೇಜ್ 200 × 0.14 = 28. ಇರೋದು 12. ಎಕ್ಸ್‌ಕಾಸ್ ಚಿತ್ರದಲ್ಲಿ ಸ್ಯಾಚುರೇಶನ್ (ವೋಲ್ಟೇಜ್ ಮಿತಿ) ಬ್ಲಾಕ್ ಇಲ್ಲದಿದ್ದರೆ ಸಿಮ್ಯುಲೇಶನ್ ಇಲ್ಲದ 28 ವೋಲ್ಟನ್ನ ಬಳಸಿ ನಿಮಗೆ ಚಂದದ ಗ್ರಾಫ್ ಕೊಡುತ್ತೆ.

ತಡ ಮತ್ತು ಸ್ಯಾಚುರೇಶನ್, ಇವೆರಡನ್ನ ಇವತ್ತೇ ಸೇರಿಸಿ. ಬೆಂಚ್ ಮೇಲಿನ ತುಯ್ದಾಟ ಸಿಮ್ಯುಲೇಶನ್‌ನಲ್ಲೂ ಬರ್ಬೇಕು. ಬೆಂಚ್ ಮೇಲೆ ಕೆಟ್ಟದ್ದು ಪರದೆ ಮೇಲೂ ಅದೇ ಥರ ಕೆಟ್ಟರೆ ಮಾತ್ರ ಆ ಮಾಡೆಲ್ ಹಿಡಿದು ಮುಂದಕ್ಕೆ ಹೋಗಬಹುದು. ಟ್ಯೂನಿಂಗ್ ಆಮೇಲೆ ನೋಡೋಣ.

ಹುಬ್ಬಳ್ಳಿ_ಬೆಂಚ್

15% ಡ್ಯೂಟಿ ವಿಷಯ ನಾ ಹೇಳ್ತೀನ್ರಿ. ಅದು ಮೋಟಾರಿಂದಲ್ಲ, ಬಹುತೇಕ ಡ್ರೈವರಿಂದು. ಎಲ್298ಎನ್ ಒಳಗಿರೋದು ಬೈಪೋಲಾರ್ ಟ್ರಾನ್ಸಿಸ್ಟರ್. 1 ಆಂಪ್ ಹರಿಯುವಾಗ ಮೇಲಿನದು ಕೆಳಗಿನದು ಸೇರಿ 2 ವೋಲ್ಟ್ ಆಸುಪಾಸು, ಕೆಲವು ಸಲ ಇನ್ನೂ ಹೆಚ್ಚು, ಅಲ್ಲೇ ಬಿದ್ದು ಹೋಗ್ತೈತಿ. 12 ಅಂತ ನೀವು ಬರದದ್ದು ಮೋಟಾರಿಗೆ 10 ಆಗಿ ಸಿಗ್ತೈತಿ.

ಅದಕ್ಕಿಂತ ದೊಡ್ಡ ತೊಂದರೆ ಪಿಡಬ್ಲ್ಯುಎಂ ಎನೇಬಲ್ ಪಿನ್‌ಗೆ ಕೊಟ್ಟಿದ್ದು. ಎನೇಬಲ್ ಕೆಳಗಾದ ಕೂಡಲೇ ನಾಲ್ಕೂ ಟ್ರಾನ್ಸಿಸ್ಟರ್ ಬಂದ್. ಕರೆಂಟ್ ಡಯೋಡ್ ದಾಟಿ ಸಪ್ಲೈಗೆ ವಾಪಸ್ ಹೋಗ್ಬೇಕು, ಅಂದ್ರ ಮೋಟಾರಿಗೆ ಉಲ್ಟಾ 12 ವೋಲ್ಟ್ ಮತ್ತ ಮೇಲೆ ಡಯೋಡ್ ಡ್ರಾಪ್ ಕಾಣ್ತೈತಿ. ಕರೆಂಟ್ ಥಟ್ಟನೆ ಸೊನ್ನೆ ಆಗ್ತೈತಿ. 490 ಹರ್ಟ್ಸ್ ಅಂದ್ರ ಅವಧಿ 2 ಮಿ.ಸೆ. ಇಂಥ ಸಣ್ಣ ಮೋಟಾರಿನ ಎಲೆಕ್ಟ್ರಿಕಲ್ ಟೈಮ್ ಕಾನ್‌ಸ್ಟಂಟ್ ಅರ್ಧ ಮಿ.ಸೆ. ಸುತ್ತಮುತ್ತ ಇರ್ತೈತಿ. ಹಿಂಗಾಗಿ ಪ್ರತಿ ಅವಧಿಯಲ್ಲೂ ಕರೆಂಟ್ ಸೊನ್ನೆಗೆ ಬಿದ್ದು ಮತ್ತೆ ಏರ್ಬೇಕು. "ಡ್ಯೂಟಿ × 12 = ಸರಾಸರಿ ವೋಲ್ಟೇಜ್" ಅನ್ನೋ ಲೆಕ್ಕ ಅಲ್ಲಿಗೆ ಮುರೀತು. ಮಾಡೆಲ್ ಎಷ್ಟೇ ಚಲೋ ಇದ್ರೂ ಇನ್‌ಪುಟ್ಟೇ ತಪ್ಪು.

ಎರಡು ಕೆಲಸ ಮಾಡ್ರಿ. ಎನೇಬಲ್ ಯಾವಾಗಲೂ ಮೇಲಿರಲಿ, ಪಿಡಬ್ಲ್ಯುಎಂ ಇನ್‌ಪುಟ್ ಪಿನ್‌ಗೆ ಕೊಡ್ರಿ. ಆಫ್ ಇದ್ದಾಗ ಕರೆಂಟ್ ಬ್ರಿಡ್ಜ್ ಒಳಗೇ ಸುತ್ತತೈತಿ, ನಿಧಾನ ಇಳೀತೈತಿ. ಎರಡನೇದು, ಆವರ್ತನ 20 ಕಿಲೋಹರ್ಟ್ಸ್‌ಗೆ ಏರಿಸ್ರಿ: ಊನೋದಾಗ ಟೈಮರ್ 1, ಫಾಸ್ಟ್ ಪಿಡಬ್ಲ್ಯುಎಂ, ಪ್ರೀಸ್ಕೇಲರ್ 1, ಐಸಿಆರ್1 = 799. 16 ಮೆಗಾಹರ್ಟ್ಸ್ ಭಾಗಿಸು 800. ಪಿನ್ 9 ಮತ್ತ 10. ವೋಲ್ಟೇಜಿಗೆ 800 ಮೆಟ್ಟಲು, ಒಂದೊಂದು 15 ಮಿಲಿವೋಲ್ಟ್.

ಸಾಧ್ಯ ಇದ್ರ ಬಿಟಿಎಸ್7960 ಮಾಡ್ಯೂಲ್ ತಗೋರಿ. ಮಾಸ್‌ಫೆಟ್, ಡ್ರಾಪ್ ಕಡಿಮೆ, ಮಾಡೆಲ್ ಸರಳ ಆಗ್ತೈತಿ. ಎಲ್298ಎನ್ ಚಾನೆಲ್‌ಗೆ 2 ಆಂಪ್ ಮಾತ್ರ, ನಿಮ್ಮ ಮೋಟಾರ್ ಸ್ಟಾಲ್ ಆದ್ರ (ತಿರುಗದೆ ಸಿಕ್ಕಿ ನಿಂತ್ರ) ಅದನ್ನ ದಾಟೋ ಸಂಭವ ಐತಿ.

ಅಳತೆಪಟ್ಟಿ

ಈಗ ಮೋಟಾರಿನ ನಿಜವಾದ ಸಂಖ್ಯೆಗಳು. ಎರಡು ಸಮೀಕರಣ ಸಾಕು:

ಇಂಡಕ್ಟೆನ್ಸ್ × ಕರೆಂಟ್ ಬದಲಾಗುವ ದರ = ವೋಲ್ಟೇಜ್ − ರೆಸಿಸ್ಟೆನ್ಸ್ × ಕರೆಂಟ್ − ಕೆ × ಕೋನೀಯ ವೇಗ

ಇನರ್ಶಿಯಾ × ವೇಗ ಬದಲಾಗುವ ದರ = ಕೆ × ಕರೆಂಟ್ − ಘರ್ಷಣೆ ಟಾರ್ಕ್ − ಲೋಡ್ ಟಾರ್ಕ್

ಎರಡರಲ್ಲೂ ಅದೇ 'ಕೆ'. ಎಸ್‌ಐ ಮಾನದಲ್ಲಿ ಬ್ಯಾಕ್ ಇಎಂಎಫ್ (ತಿರುಗೋ ಮೋಟಾರ್ ತಾನೇ ಹುಟ್ಟಿಸೋ ಎದುರು ವೋಲ್ಟೇಜ್) ಸ್ಥಿರಾಂಕ ಮತ್ತು ಟಾರ್ಕ್ ಸ್ಥಿರಾಂಕ ಸಮ, ಯಾಕಂದರೆ ಬ್ಯಾಕ್ ಇಎಂಎಫ್ ವಿರುದ್ಧ ಹೋದ ವಿದ್ಯುತ್ ಶಕ್ತಿಯೇ ಶಾಫ್ಟ್‌ನಲ್ಲಿ ಯಾಂತ್ರಿಕ ಶಕ್ತಿಯಾಗಿ ಬರೋದು. ಇವೆರಡು ಬೇರೆ ಬೇರೆ ಬಂದರೆ ಎಲ್ಲೋ ಆರ್‌ಪಿಎಂ ಮತ್ತು ರೇಡಿಯನ್/ಸೆ. ಕಲಸಿಹೋಗಿದೆ; 9.55 ಪಟ್ಟು ವ್ಯತ್ಯಾಸ ಕಂಡರೆ ಅದೇ.

ರೆಸಿಸ್ಟೆನ್ಸ್: ಮಲ್ಟಿಮೀಟರ್‌ನ ಓಮ್ ರೇಂಜ್ ನಂಬಬೇಡಿ. ಅದು ಕಳಿಸೋ ಕರೆಂಟ್ ತೀರಾ ಕಡಿಮೆ, ಬ್ರಷ್ ಮತ್ತು ಕಮ್ಯುಟೇಟರ್ ನಡುವಿನ ಪದರದಲ್ಲಿ ಓದು ಕುಣಿಯುತ್ತೆ. ಮೀಟರ್ ವೈರ್‌ದೇ 0.2-0.3 ಓಮ್ ಇರುತ್ತೆ. ಶಾಫ್ಟ್ ಬಿಗಿಯಾಗಿ ಹಿಡಿದು, ಸಪ್ಲೈಯ ಕರೆಂಟ್ ಲಿಮಿಟ್ 0.3, 0.6, 0.9 ಆಂಪ್ ಇಟ್ಟು, ವೋಲ್ಟೇಜನ್ನ ಮೋಟಾರಿನ ಟ್ಯಾಬ್ ಮೇಲೇ ಅಳೆಯಿರಿ. ಮೂರು ಬಿಂದುಗಳ ಇಳಿಜಾರೇ ರೆಸಿಸ್ಟೆನ್ಸ್. ಸೊನ್ನೆ ಕರೆಂಟಿಗೆ ಎಳೆದಾಗ ಉಳಿಯೋ ಚೂರು ವೋಲ್ಟೇಜ್ ಬ್ರಷ್ ಡ್ರಾಪ್. ಶಾಫ್ಟ್ ಅಷ್ಟಷ್ಟೇ ತಿರುಗಿಸಿ ಏಳೆಂಟು ಕೋನದಲ್ಲಿ ಮಾಡಿ ಸರಾಸರಿ ತೆಗೀರಿ, ಕೋನ ಬದಲಾದರೆ ಬ್ರಷ್ ಕೆಳಗಿನ ಸುರುಳಿಗಳೂ ಬದಲಾಗುತ್ತವೆ. ಪ್ರತಿ ಅಳತೆ ಒಂದೆರಡು ಸೆಕೆಂಡಲ್ಲಿ ಮುಗೀಬೇಕು, ಇಲ್ಲದಿದ್ದರೆ ತಾಮ್ರ ಬಿಸಿಯಾಗಿ ಓದು ಏರುತ್ತೆ.

ಇಂಡಕ್ಟೆನ್ಸ್: ಶಾಫ್ಟ್ ಹಿಡಿದೇ, ಸರಣಿಯಲ್ಲಿ 0.1 ಓಮ್ ಶಂಟ್, ಮಾಸ್‌ಫೆಟ್‌ನಿಂದ ಸ್ವಿಚ್, ಸಪ್ಲೈ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೋಟಾರಿಗೆ ಅಡ್ಡಲಾಗಿ ಫ್ರೀವೀಲ್ ಡಯೋಡ್. ಡಯೋಡ್ ಮರೆತರೆ ಮಾಸ್‌ಫೆಟ್ ಸುಡುತ್ತೆ. ಆಸಿಲೋಸ್ಕೋಪ್‌ನಲ್ಲಿ ಕರೆಂಟ್ 63% ತಲುಪೋ ಸಮಯ ಓದಿ, ದಾರಿಯ ಒಟ್ಟು ರೆಸಿಸ್ಟೆನ್ಸ್‌ನಿಂದ ಗುಣಿಸಿ. ಸಪ್ಲೈ ಬಟನ್ ಒತ್ತಿ ಸ್ಟೆಪ್ ಕೊಟ್ಟರೆ ಅಳೆದಂತಾಗೋದು ಸಪ್ಲೈಯ ಏರಿಕೆ, ಮೋಟಾರಿನದಲ್ಲ.

ಕೆ ಮತ್ತು ಘರ್ಷಣೆ: ಲೋಡ್ ಇಲ್ಲದೆ 3, 6, 9, 12 ವೋಲ್ಟ್‌ನಲ್ಲಿ ಓಡಿಸಿ ಕರೆಂಟ್ ಮತ್ತು ವೇಗ ಬರೆದುಕೊಳ್ಳಿ. ವೋಲ್ಟೇಜಿಂದ ರೆಸಿಸ್ಟೆನ್ಸ್ × ಕರೆಂಟ್ ಕಳೆದು ವೇಗದಿಂದ ಭಾಗಿಸಿದರೆ ಕೆ. ಕೆ × ಕರೆಂಟ್ ಅಂದರೆ ಆ ವೇಗದ ಘರ್ಷಣೆ ಟಾರ್ಕ್. ವೇಗದ ಎದುರು ಅದರ ಗೆರೆ ಎಳೆದರೆ ಇಳಿಜಾರು ಸ್ನಿಗ್ಧ ಘರ್ಷಣೆ, ಸೊನ್ನೆ ವೇಗದಲ್ಲಿ ಉಳಿಯೋದು ಕೂಲಂಬ್ ಘರ್ಷಣೆ.

ಇನರ್ಶಿಯಾ: 12 ವೋಲ್ಟ್‌ನಲ್ಲಿ ಓಡ್ತಿರುವಾಗ ವೈರ್ ಕಿತ್ತು ಮೋಟಾರನ್ನ ತಾನಾಗಿ ನಿಲ್ಲೋಕೆ ಬಿಡಿ, ವೇಗ ದಾಖಲಿಸಿ. ಶುರುವಿನ ಇಳಿಕೆ ದರದಿಂದ ಆ ವೇಗದ ಘರ್ಷಣೆ ಟಾರ್ಕನ್ನ ಭಾಗಿಸಿ. ಟರ್ಮಿನಲ್ ತೆರೆದಿರಬೇಕು. ಡ್ರೈವರ್ ಮೂಲಕ "ಆಫ್" ಮಾಡಿ ಎರಡೂ ಇನ್‌ಪುಟ್ ಕೆಳಗೆ, ಎನೇಬಲ್ ಮೇಲೆ ಬಿಟ್ಟರೆ ಅದು ಶಾರ್ಟ್ ಬ್ರೇಕ್; ಅರ್ಧ ಸೆಕೆಂಡ್ ಹಿಡಿಯೋ ನಿಲುಗಡೆ ಕೆಲವೇ ಹತ್ತು ಮಿ.ಸೆ.ಯಲ್ಲಿ ಮುಗಿದು, ಇನರ್ಶಿಯಾ ಎಷ್ಟೋ ಪಟ್ಟು ಕಡಿಮೆ ಬರುತ್ತೆ.

ತಿರುಗುಚಕ್ರ

ಅಳತೆಪಟ್ಟಿ ಸರ್, ನೀವು ಹೇಳಿದ ಕ್ರಮದಲ್ಲೇ ಅಳೆದ ಸಂಖ್ಯೆಗಳು: ರೆಸಿಸ್ಟೆನ್ಸ್ 2.4 ಓಮ್, ಇಂಡಕ್ಟೆನ್ಸ್ 1.2 ಮಿಲಿಹೆನ್ರಿ. 12 ವೋಲ್ಟ್‌ನಲ್ಲಿ 0.20 ಆಂಪ್, 314 ರೇಡಿಯನ್/ಸೆ. 6 ವೋಲ್ಟ್‌ನಲ್ಲಿ 0.16 ಆಂಪ್, 153 ರೇಡಿಯನ್/ಸೆ. ವೈರ್ ಕಿತ್ತಾಗ ಶುರುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 730 ರೇಡಿಯನ್/ಸೆ.ನಂತೆ ಇಳಿಯುತ್ತೆ, ಪೂರ್ತಿ ನಿಲ್ಲೋಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ.

ಅವಕಲನ

ಹಾಗಾದರೆ ಲೆಕ್ಕ ಹೀಗೆ. 12 − 2.4 × 0.20 = 11.52; ಭಾಗಿಸು 314, ಕೆ = 0.0367. 6 ವೋಲ್ಟ್ ಬಿಂದುವಿನಿಂದಲೂ 5.616 ಭಾಗಿಸು 153, ಅದೇ 0.0367. ಎರಡೂ ಕೂಡಿಬಂದವು ಅಂದರೆ ರೆಸಿಸ್ಟೆನ್ಸ್ ಸರಿ ಅಳೆದಿದ್ದೀರಿ.

ಘರ್ಷಣೆ ಟಾರ್ಕ್ 314ರಲ್ಲಿ 0.00734 ನ್ಯೂಟನ್-ಮೀಟರ್, 153ರಲ್ಲಿ 0.00587. ಇಳಿಜಾರು 9.1 × 10⁻⁶, ಉಳಿದ ಕೂಲಂಬ್ ಭಾಗ 0.00447. ಇದನ್ನ ಗಮನಿಸಿ: ಪೂರ್ಣ ವೇಗದಲ್ಲೂ ಅರ್ಧಕ್ಕಿಂತ ಹೆಚ್ಚು ಘರ್ಷಣೆ ವೇಗಕ್ಕೆ ಸಂಬಂಧವೇ ಇಲ್ಲದ್ದು. ಪಠ್ಯಪುಸ್ತಕದ ಟ್ರಾನ್ಸ್‌ಫರ್ ಫಂಕ್ಷನ್‌ನಲ್ಲಿರೋದು ಸ್ನಿಗ್ಧ ಭಾಗ ಮಾತ್ರ. 0.00734ನ್ನ ಪೂರ್ತಿ ಸ್ನಿಗ್ಧ ಅಂತ ಎಣಿಸಿದರೆ ಮೋಟಾರ್ 0.43 ಸೆಕೆಂಡ್ ಟೈಮ್ ಕಾನ್‌ಸ್ಟಂಟ್‌ನಲ್ಲಿ ಬಾಲ ಎಳೀತಾ 1.3 ಸೆಕೆಂಡ್ ಆದರೂ 5% ವೇಗದಲ್ಲಿ ತಿರುಗ್ತಾ ಇರ್ಬೇಕು. ಎರಡೂ ಭಾಗ ಹಾಕಿದರೆ ನಿಲ್ಲೋ ಸಮಯ 0.55 ಸೆಕೆಂಡ್ ಬರುತ್ತೆ. ನೀವು ಅಳೆದದ್ದೂ ಅಷ್ಟೇ. ಈ ನಿಲ್ಲೋ ಸಮಯವನ್ನ ನಾವು ಯಾವ ಸಂಖ್ಯೆ ತೆಗೆಯೋಕೂ ಬಳಸಿಲ್ಲ, ಹಾಗಾಗಿ ಇದು ಮಾಡೆಲ್‌ನ ನಿಜವಾದ ಪರೀಕ್ಷೆ. ಪಾಸಾಗಿದೆ.

ಇನರ್ಶಿಯಾ 0.00734 ಭಾಗಿಸು 730, ಅಂದರೆ 1.0 × 10⁻⁵ ಕೆಜಿ-ಮೀ². ಎಲೆಕ್ಟ್ರಿಕಲ್ ಟೈಮ್ ಕಾನ್‌ಸ್ಟಂಟ್ 0.5 ಮಿ.ಸೆ., ಮೆಕ್ಯಾನಿಕಲ್ 17.5 ಮಿ.ಸೆ., ಗೇನ್ 26.8. ಕೂಲಂಬ್ ಘರ್ಷಣೆ ಗೆಲ್ಲೋಕೆ ಬೇಕಾದ ವೋಲ್ಟೇಜ್ 2.4 × 0.00447 / 0.0367 = 0.29. ಅಂದರೆ 12ರಲ್ಲಿ 2.5% ಕೂಡ ಅಲ್ಲ. ನಿಂತಲ್ಲಿಂದ ಎಬ್ಬಿಸೋಕೆ ಅದರ ಎರಡು ಪಟ್ಟು ಬೇಕಾದರೂ 5%. ಹಾಗಾಗಿ 15% ಡ್ಯೂಟಿಯಲ್ಲಿ ಬಹುಪಾಲು ಡ್ರೈವರಿನದ್ದೇ, ಹುಬ್ಬಳ್ಳಿಯವರು ಹೇಳಿದ್ದು ಸರಿ.

ಈಗ ಸಿಮ್ಯುಲೇಶನ್ ಬರೆಯುವಾಗ ಮೂರು ಕಡೆ ಜನ ಸಿಕ್ಕಿಹಾಕಿಕೊಳ್ತಾರೆ.

ಮೊದಲನೆಯದು ಘರ್ಷಣೆಯ ಚಿಹ್ನೆ. ವೇಗ ಸೊನ್ನೆ ದಾಟುವಾಗ ಕೂಲಂಬ್ ಟಾರ್ಕ್ ಥಟ್ಟನೆ ದಿಕ್ಕು ಬದಲಿಸುತ್ತೆ. ಚಿಹ್ನೆ ಕೊಡೋ ಸೈನ್ (sign) ಫಂಕ್ಷನ್ ನೇರ ಹಾಕಿದರೆ ಸಾಲ್ವರ್ (ಸಮೀಕರಣ ಬಿಡಿಸೋ ಪ್ರೋಗ್ರಾಂ) ಸೊನ್ನೆಯ ಆಚೀಚೆ ನಡುಗುತ್ತಾ ಹೆಜ್ಜೆಯನ್ನ ಕಿರಿದು ಮಾಡ್ತಾ ನಿಂತೇಹೋಗುತ್ತೆ. ಬದಲಿಗೆ ಹೈಪರ್‌ಬೋಲಿಕ್ ಟ್ಯಾನ್ ಬಳಸಿ: ಕೂಲಂಬ್ × ಟ್ಯಾನ್‌ಎಚ್(ವೇಗ/0.5). ಆ 0.5 ರೇಡಿಯನ್/ಸೆ. ಆಯ್ಕೆಗೆ ಬೆಲೆ ಇದೆ: ಸೊನ್ನೆ ಹತ್ತಿರ ಅದು 1.1 ಮಿ.ಸೆ.ಯ ಹೊಸ ಟೈಮ್ ಕಾನ್‌ಸ್ಟಂಟ್ ಹುಟ್ಟಿಸುತ್ತೆ. 0.1 ಹಾಕಿದರೆ 0.22 ಮಿ.ಸೆ., ಸಾಲ್ವರ್‌ಗೆ ಇನ್ನಷ್ಟು ಕಷ್ಟ. ವೇಗ ನಿಯಂತ್ರಣಕ್ಕೆ ಇದು ಧಾರಾಳ. ಆದರೆ ಒಂದೇ ಜಾಗದಲ್ಲಿ ನಿಲ್ಲಿಸಿ ಲೋಡ್ ಹಿಡಿಯೋ ಕೆಲಸಕ್ಕೆ ಟ್ಯಾನ್‌ಎಚ್ ಆಗಲ್ಲ, ಲೋಡ್ ಕೆಳಗೆ ಶಾಫ್ಟ್ ನಿಧಾನವಾಗಿ ಜಾರುತ್ತೆ. ಅಲ್ಲಿ 1985ರ ಕಾರ್ನೋಪ್ ಮಾಡೆಲ್ ಅಥವಾ 1995ರ ಲೂಗ್ರೆ ಮಾಡೆಲ್ ಬೇಕು.

ಎರಡನೆಯದು ಹೆಜ್ಜೆ. ಸ್ವಂತವಾಗಿ ಆಯ್ಲರ್ ಬರೆದರೆ 0.5 ಮಿ.ಸೆ. ಟೈಮ್ ಕಾನ್‌ಸ್ಟಂಟ್‌ಗೆ 1 ಮಿ.ಸೆ. ದಾಟಿದ ಹೆಜ್ಜೆ ಸ್ಫೋಟಿಸುತ್ತೆ. ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ಸುಮಾರು 1.4 ಮಿ.ಸೆ. ತನಕ ತಡೆಯುತ್ತೆ. ಇದು ಸ್ಥಿರತೆಯ ಗಡಿ ಮಾತ್ರ, ನಿಖರತೆಗೆ ಹತ್ತನೇ ಒಂದು ಭಾಗ ಇಟ್ಟುಕೊಳ್ಳಿ. ಪೈಥಾನ್ ಸೈಪೈನ ಸಾಲ್ವ್ ಐವಿಪಿ ಬಳಸಿದರೆ ವಿಧಾನ ರಡೌ ಅಥವಾ ಬಿಡಿಎಫ್ ಅಂತ ಹೇಳಿ, ಸಾಪೇಕ್ಷ ಟಾಲರೆನ್ಸ್ 10⁻⁶. ಸುಮ್ಮನೆ ಬಿಟ್ಟರೆ ಅದು 10⁻³. ಗರಿಷ್ಠ ಹೆಜ್ಜೆಗೂ ಮಿತಿ ಹಾಕಿ, ಡೀಫಾಲ್ಟ್‌ನಲ್ಲಿ ಮಿತಿಯೇ ಇಲ್ಲ. ವೇಗ ಸ್ಥಿರವಾಗಿರುವಾಗ ಸಾಲ್ವರ್ ಉದ್ದುದ್ದ ಹೆಜ್ಜೆ ಹಾಕುತ್ತೆ, ನೀವು ನಡುವೆ ಇಟ್ಟ 20 ಮಿ.ಸೆ. ಲೋಡ್ ಪಲ್ಸನ್ನ ಕಾಣದೇ ದಾಟಿಬಿಡಬಹುದು.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಕಾಡೋದು: ಪಿಐ ಕೋಡನ್ನ, ಹಿಂದಿನ ಎರರ್ ನೆನಪಿಟ್ಟುಕೊಳ್ಳೋ ವೇರಿಯಬಲ್ ಸಮೇತ, ಡಿರೈವೇಟಿವ್ ಫಂಕ್ಷನ್ ಒಳಗೆ ಹಾಕೋದು. ಸಾಲ್ವರ್ ಆ ಫಂಕ್ಷನನ್ನ ಒಂದು ಹೆಜ್ಜೆಗೆ ಹಲವು ಸಲ ಕರೆಯುತ್ತೆ, ಹೆಜ್ಜೆ ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕರೆಯುತ್ತೆ. ಒಳಗಿನ ನೆನಪು ಅಷ್ಟೂ ಸಲ ಬದಲಾಗಿ ಇಂಟಿಗ್ರಲ್ ಹಾಳಾಗುತ್ತೆ. ಸರಿಯಾದ ದಾರಿ: ಹೊರಗೆ ಒಂದು ಲೂಪ್, ಪ್ರತಿ ಸ್ಯಾಂಪಲ್‌ಗೂ ಎನ್‌ಕೋಡರ್ ಎಣಿಕೆಯನ್ನ ಪೂರ್ಣಾಂಕಕ್ಕೆ ಇಳಿಸಿ, ಪಿಐ ಒಮ್ಮೆ ಓಡಿಸಿ, ಹಿಂದಿನ ಸ್ಯಾಂಪಲ್‌ನಲ್ಲಿ ಲೆಕ್ಕ ಹಾಕಿದ ವೋಲ್ಟೇಜನ್ನ ಹಿಡಿದಿಟ್ಟು, ಸಾಲ್ವರನ್ನ ಅಷ್ಟೇ ಅವಧಿಗೆ ಓಡಿಸಿ, ಕೊನೆಯ ಸ್ಥಿತಿಯನ್ನ ಮುಂದಿನದಕ್ಕೆ ಕೊಡಿ. ಜಡತ್ವ ಅವರು ಹೇಳಿದ ತಡ ಆಗ ತಾನಾಗಿ ಒಳಗೆ ಬರುತ್ತೆ.

ಮಲ್ನಾಡ್_ಸಿಗ್ನಲ್

ಒಂದು ಸಂದೇಹ. 17.5 ಮಿ.ಸೆ. ಎದುರು 0.5 ಮಿ.ಸೆ. ಏನೂ ಅಲ್ಲ. ಇಂಡಕ್ಟೆನ್ಸನ್ನೇ ಕೈಬಿಟ್ಟು ಕರೆಂಟನ್ನ ಬೀಜಗಣಿತದಿಂದ ತೆಗೆದರೆ ಸಾಲ್ವರ್ ಕಷ್ಟವೂ ತಪ್ಪುತ್ತೆ ಅಲ್ವಾ?

ಅವಕಲನ

ವೇಗದ ಲೂಪ್ ಮಾತ್ರ ನೋಡೋದಾದರೆ ಧಾರಾಳವಾಗಿ ಬಿಡಿ. 50 ರೇಡಿಯನ್/ಸೆ. ಕ್ರಾಸ್‌ಓವರ್‌ನಲ್ಲಿ ಅದರಿಂದ ಬರೋ ಲ್ಯಾಗ್ 1.4 ಡಿಗ್ರಿ ಮಾತ್ರ.

ಜಡತ್ವ

ಕಲಿಯೋರು ಬಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಂಡಕ್ಟೆನ್ಸ್ ಇದ್ದರೆ ಪಿಡಬ್ಲ್ಯುಎಂ ಆವರ್ತನ ಯಾಕೆ 20 ಕಿಲೋಹರ್ಟ್ಸ್ ಬೇಕು ಅನ್ನೋದನ್ನ ಮಾಡೆಲ್ಲೇ ತೋರಿಸುತ್ತೆ. 50% ಡ್ಯೂಟಿಯಲ್ಲಿ ರಿಪಲ್ (ಕರೆಂಟಿನ ಏರಿಳಿತ) 12 × 0.25 × 50 ಮೈಕ್ರೋಸೆಕೆಂಡ್ / 1.2 ಮಿಲಿಹೆನ್ರಿ = 0.125 ಆಂಪ್. 490 ಹರ್ಟ್ಸ್‌ನಲ್ಲಿ ಪ್ರತಿ ಅವಧಿಗೂ ಕರೆಂಟ್ ಸೊನ್ನೆಗೆ ಬಿದ್ದು ಏಳೋದು ಕಣ್ಣಿಗೆ ಕಾಣುತ್ತೆ. ಮುಂದೆ ಕರೆಂಟ್ ಲೂಪ್ ಹಾಕೋದಾದರಂತೂ ಅದಿಲ್ಲದೆ ಮಾಡೆಲ್ಲೇ ಇಲ್ಲ. ಆದರೆ ಸ್ವಿಚಿಂಗನ್ನೇ ಸಿಮ್ಯುಲೇಟ್ ಮಾಡೋದು ಈ ಒಂದು ಪರೀಕ್ಷೆಗೆ ಸಾಕು. ದಿನನಿತ್ಯದ ಓಟಕ್ಕೆ ಸರಾಸರಿ ವೋಲ್ಟೇಜ್ ಬಳಸಿ. 10 ಸೆಕೆಂಡ್ ಸಿಮ್ಯುಲೇಶನ್‌ನಲ್ಲಿ 2 ಲಕ್ಷ ಪಿಡಬ್ಲ್ಯುಎಂ ಅವಧಿ ಬರುತ್ತವೆ, ಸುಮ್ಮನೆ ಕಾಯ್ಬೇಕಾಗುತ್ತೆ.

ಹುಬ್ಬಳ್ಳಿ_ಬೆಂಚ್

ಎನ್‌ಕೋಡರ್ ಬಗ್ಗೆ ಯಾರೂ ಮಾತಾಡಿಲ್ಲಲ್ಲ. 10 ಮಿ.ಸೆ.ಯಲ್ಲಿ ಒಂದು ಎಣಿಕೆ ಹೆಚ್ಚು ಬಂದ್ರ ವೇಗದಾಗ ಎಷ್ಟು ವ್ಯತ್ಯಾಸ? 6.283 / 44 / 0.01 = 14.3 ರೇಡಿಯನ್/ಸೆ. ಪ್ರೊಪೋರ್ಷನಲ್ ಗೇನ್ 0.14 ಅಂದ್ರ ಒಂದು ಎಣಿಕೆಗೆ ವೋಲ್ಟೇಜ್ 2 ವೋಲ್ಟ್ ಜಿಗೀತೈತಿ. ಲೂಪನ್ನ 1 ಮಿ.ಸೆ.ಗೆ ತಂದ್ರ ತಡ ಕಡಿಮೆ ಆಗ್ತೈತಿ ಖರೆ, ಆದ್ರ ಒಂದು ಎಣಿಕೆ 143 ರೇಡಿಯನ್/ಸೆ. ಆಗ್ತೈತಿ. ಅದರಿಂದ ಏನೂ ಉಪಯೋಗ ಇಲ್ಲ.

ಎಣಿಸೋದು ಬಿಟ್ಟು ಅಂಚಿನ ನಡುವಿನ ಸಮಯ ಅಳೀರಿ. ಒಂದೇ ಚಾನೆಲ್ಲಿನ ಏರು ಅಂಚು ಮಾತ್ರ ತಗೋರಿ. ಎರಡೂ ಚಾನೆಲ್ ಬೆರೆಸಿದ್ರ ಅಂಚುಗಳ ನಡುವಿನ ಅಂತರ ಸಮ ಇರಂಗಿಲ್ಲ, ವೇಗ ಅಲೆ ಅಲೆಯಾಗಿ ಕಾಣ್ತೈತಿ. 200 ರೇಡಿಯನ್/ಸೆ.ಗೆ ಸೆಕೆಂಡಿಗೆ 350 ಅಂಚು, ನಡುವೆ 2.86 ಮಿ.ಸೆ. ಊನೋದ ಮೈಕ್ರೋಸ್ ಫಂಕ್ಷನ್ 4 ಮೈಕ್ರೋಸೆಕೆಂಡ್ ಮೆಟ್ಟಲಿನದು, ದೋಷ 0.14%. ಲೂಪ್ 2 ಮಿ.ಸೆ. ಇಡ್ರಿ. ಆದ್ರ 20 ರೇಡಿಯನ್/ಸೆ.ಗೆ ಇಳಿದ್ರ ಅಂಚಿನ ನಡುವೆ 28.6 ಮಿ.ಸೆ. ಆಗ್ತೈತಿ, ಅಂದ್ರ ನಿಧಾನ ಓಡುವಾಗ ತಡ ತಾನಾಗೇ ಬೆಳೀತೈತಿ. ಇದನ್ನ ಮಾಡೆಲ್‌ನಾಗೂ ಹಂಗೇ ಬರೀರಿ: ಕೋನ 6.283/11 ದಾಟಿದಾಗ ಮಾತ್ರ ವೇಗ ಹೊಸದಾಗ್ಬೇಕು. ಸಾಲ್ವರ್‌ನ ಈವೆಂಟ್ ಸೌಲಭ್ಯ ಇರೋದು ಇದಕ್ಕೇ.

ಜಡತ್ವ

ಹಾಗಿದ್ದರೆ ಟ್ಯೂನಿಂಗ್. ಎರಡು ಆಯ್ಕೆ ಇದೆ ತಿರುಗುಚಕ್ರ ಅವರೇ.

ಹಾರ್ಡ್‌ವೇರ್ ಹಾಗೇ ಇಟ್ಟು 10 ಮಿ.ಸೆ. ಲೂಪ್ ಉಳಿಸಿಕೊಂಡರೆ ಒಟ್ಟು ತಡ 20 ಮಿ.ಸೆ. 2003ರಲ್ಲಿ ಸ್ಕೋಗೆಸ್ಟಾಡ್ ಪ್ರಕಟಿಸಿದ ಸರಳ ನಿಯಮದಂತೆ, ಬೇಕಾದ ಟೈಮ್ ಕಾನ್‌ಸ್ಟಂಟನ್ನ ತಡದಷ್ಟೇ ಇಡಿ, ಅಂದರೆ 20. ಪ್ರೊಪೋರ್ಷನಲ್ ಗೇನ್ = 0.0175 / (26.8 × 0.04) = 0.016. ಇಂಟಿಗ್ರಲ್ ಗೇನ್ 0.93. ಕ್ರಾಸ್‌ಓವರ್ 25 ರೇಡಿಯನ್/ಸೆ., ತಡದ ಲ್ಯಾಗ್ 29 ಡಿಗ್ರಿ, ಫೇಸ್ ಮಾರ್ಜಿನ್ 61. ನಿಮ್ಮ ಈಗಿನ ಗೇನ್‌ಗಿಂತ ಎಂಟು-ಒಂಬತ್ತು ಪಟ್ಟು ಕಡಿಮೆ, ನೋಡಿ.

ಅಂಚಿನ ನಡುವಿನ ಸಮಯ ಅಳೆದು 2 ಮಿ.ಸೆ. ಲೂಪ್ ಓಡಿಸಿದರೆ 200 ರೇಡಿಯನ್/ಸೆ. ಸುತ್ತ ಒಟ್ಟು ತಡ ಸುಮಾರು 4.4 ಮಿ.ಸೆ. ಆಗ ಟೈಮ್ ಕಾನ್‌ಸ್ಟಂಟ್ ಮತ್ತು ತಡ ಸೇರಿ 20 ಮಿ.ಸೆ. ಕೇಳಿ: ಪ್ರೊಪೋರ್ಷನಲ್ 0.033, ಇಂಟಿಗ್ರಲ್ 1.87, ಲ್ಯಾಗ್ ಬರೀ 13 ಡಿಗ್ರಿ. 200ರ ಸ್ಟೆಪ್‌ಗೆ ಶುರುವಿನ ವೋಲ್ಟೇಜ್ 6.5, ಸ್ಯಾಚುರೇಶನ್‌ನ ಹತ್ತಿರವೂ ಹೋಗಲ್ಲ. ಇದಕ್ಕಿಂತ ವೇಗ ಬೇಕು ಅಂದರೆ ಆಂಟಿ ವೈಂಡಪ್ ಇಲ್ಲದೆ ಕೈ ಹಾಕಬೇಡಿ. ವೋಲ್ಟೇಜ್ ಮಿತಿ ಮುಟ್ಟಿದೆ ಮತ್ತು ಎರರ್ ಅದನ್ನ ಇನ್ನೂ ಆಚೆಗೇ ತಳ್ಳುತ್ತಿದೆ ಅಂದರೆ ಆ ಸ್ಯಾಂಪಲ್‌ನಲ್ಲಿ ಇಂಟಿಗ್ರಲ್ ಕೂಡಿಸೋದು ನಿಲ್ಲಿಸಿ, ಒಂದು ಇಫ್ ಸಾಕು.

ಕರಾವಳಿ_ಮೆಕ್ಯಾನಿಕಲ್

ಇದನ್ನೆಲ್ಲ ಓಪನ್‌ಮಾಡೆಲಿಕಾದಲ್ಲಿ ಮಾಡಿದರೆ ಸುಲಭ ಉಂಟಲ್ಲ? ರೆಸಿಸ್ಟರ್, ಇಂಡಕ್ಟರ್, ಇಎಂಎಫ್, ಇನರ್ಶಿಯಾ, ಘರ್ಷಣೆ ಎಲ್ಲ ಲೈಬ್ರರಿಯಲ್ಲೇ ಉಂಟು. ತಂತಿ ಎಳೆದರೆ ಆಯ್ತು, ಸಮೀಕರಣ ಅದೇ ಜೋಡಿಸ್ತದೆ. ಎಕ್ಸ್‌ಕಾಸ್‌ನಂತೆ ಯಾವುದು ಇನ್‌ಪುಟ್ ಯಾವುದು ಔಟ್‌ಪುಟ್ ಅಂತ ಮೊದಲೇ ತೀರ್ಮಾನಿಸುವ ಕೆಲಸ ಇಲ್ಲ.

ಅವಕಲನ

ನಿಜ, ಅದರ ಬಲವೇ ಅದು. ಹಿಲ್ಡಿಂಗ್ ಎಲ್ಮ್‌ಕ್ವಿಸ್ಟ್ 1978ರಲ್ಲಿ ಲುಂಡ್ ವಿಶ್ವವಿದ್ಯಾಲಯದ ತಮ್ಮ ಪಿಎಚ್‌ಡಿಯಲ್ಲಿ ಮುಂದಿಟ್ಟ ವಿಚಾರ ಅದು, ಮುಂದೆ ಮಾಡೆಲಿಕಾ ಆಯ್ತು. ಎರಡು ಇನರ್ಶಿಯಾಗಳನ್ನ ಗಟ್ಟಿ ಶಾಫ್ಟ್‌ನಿಂದ ಜೋಡಿಸಿ ನೋಡಿ: ಬ್ಲಾಕ್ ಚಿತ್ರದಲ್ಲಿ ಎರಡಕ್ಕೂ ಒಂದೊಂದು ಇಂಟಿಗ್ರೇಟರ್ ಹಾಕೋಕೆ ಬರಲ್ಲ, ಕೈಯಲ್ಲಿ ಕೂಡಿಸಿ ಒಂದು ಮಾಡ್ಬೇಕು. ಮಾಡೆಲಿಕಾ ಅದನ್ನ ತಾನೇ ಮಾಡುತ್ತೆ. ಗೇರ್, ಸ್ಪ್ರಿಂಗ್, ಪಂಪು, ಶಾಖ ಎಲ್ಲ ಸೇರೋ ವ್ಯವಸ್ಥೆಗೆ ನಾನೂ ಅದನ್ನೇ ಹೇಳ್ತೀನಿ. ಐಐಟಿ ಬಾಂಬೆಯ ಫಾಸೀ ಯೋಜನೆ ಸೈಲ್ಯಾಬ್‌ಗೂ ಓಪನ್‌ಮಾಡೆಲಿಕಾಗೂ ಉಚಿತ ಕಲಿಕೆ ಸಾಮಗ್ರಿ ಕೊಡುತ್ತೆ, ಲೈಸೆನ್ಸ್ ಖರ್ಚಿಲ್ಲ.

ಆದರೆ ಮೊದಲ ಮೋಟಾರನ್ನ ಕೈಯಲ್ಲೇ ಬರೀಲಿ. ತಪ್ಪು ಉತ್ತರ ಬಂದಾಗ ಯಾವ ಸಾಲು ನೋಡ್ಬೇಕು ಅಂತ ಗೊತ್ತಾಗೋದು ಹಾಗೆ ಮಾತ್ರ. ಯಾವ ಸಾಫ್ಟ್‌ವೇರ್ ಆದರೂ ಮೂರು ಪರೀಕ್ಷೆಯಲ್ಲಿ ಅದು ಪಾಸಾಗಬೇಕು: ಶಾಫ್ಟ್ ಹಿಡಿದರೆ 12 / 2.4 = 5 ಆಂಪ್; ಲೋಡ್ ಇಲ್ಲದಿದ್ದರೆ 314 ರೇಡಿಯನ್/ಸೆ., 0.20 ಆಂಪ್; ಟಾಲರೆನ್ಸ್ ಹತ್ತು ಪಟ್ಟು ಬಿಗಿ ಮಾಡಿದರೂ ಗ್ರಾಫ್ ಬದಲಾಗಬಾರದು. ಬದಲಾದರೆ ನೀವು ನೋಡ್ತಿರೋದು ಸಾಲ್ವರ್‌ನ ದೋಷ, ಮೋಟಾರಲ್ಲ.

ಅಳತೆಪಟ್ಟಿ

ಕೊನೆಯ ಪರೀಕ್ಷೆ ಒಂದು ಬಾಕಿ ಇದೆ. ಡ್ಯೂಟಿಯನ್ನ 30% ಮತ್ತು 80% ನಡುವೆ, 20ರಿಂದ 200 ಮಿ.ಸೆ.ವರೆಗಿನ ಯಾದೃಚ್ಛಿಕ ಅಂತರದಲ್ಲಿ ಬದಲಿಸ್ತಾ ಮೋಟಾರ್ ಓಡಿಸಿ. ಅದೇ ವೋಲ್ಟೇಜನ್ನ ಮಾಡೆಲ್‌ಗೂ ಕೊಟ್ಟು ವೇಗಗಳ ವ್ಯತ್ಯಾಸ ಎಳೆಯಿರಿ. ವ್ಯತ್ಯಾಸದ ಆಕಾರವೇ ತಪ್ಪು ಎಲ್ಲಿದೆ ಅಂತ ಹೇಳುತ್ತೆ. ನಿಧಾನ ವೇಗದಲ್ಲಿ ಮಾತ್ರ ದೊಡ್ಡದಾದರೆ ಘರ್ಷಣೆ ಅಥವಾ ಡ್ರೈವರ್ ಡ್ರಾಪ್. ಪ್ರತಿ ಸ್ಟೆಪ್‌ನ ಶುರುವಿನಲ್ಲಿ ಚೂಪಾಗಿ ಎದ್ದು ಇಳಿದರೆ ತಡ. ಏರಿಕೆಯ ಇಡೀ ಅವಧಿ ಒಂದೇ ಬದಿಗಿದ್ದರೆ ಇನರ್ಶಿಯಾ. ನಿಮಿಷಗಳು ಕಳೆದಂತೆ ಹಿಗ್ಗಿದರೆ ಬಿಸಿ.

ಆ ಬಿಸಿ ಚಿಕ್ಕದಲ್ಲ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ 0.39% ಏರುತ್ತೆ, ಫೆರೈಟ್ ಅಯಸ್ಕಾಂತದ ಬಲ ಡಿಗ್ರಿಗೆ ಸುಮಾರು 0.2% ಇಳಿಯುತ್ತೆ. ಎರಡೂ 60 ಡಿಗ್ರಿ ಬಿಸಿಯಾದರೆ 2.4 ಓಮ್ 2.96 ಆಗುತ್ತೆ, ಕೆ 12% ಕಡಿಮೆ, ಮೆಕ್ಯಾನಿಕಲ್ ಟೈಮ್ ಕಾನ್‌ಸ್ಟಂಟ್ 17.5ರಿಂದ 28 ಮಿ.ಸೆ.ಗೆ ಹೋಗುತ್ತೆ. ಟ್ಯೂನ್ ಮಾಡಿದ ಪಿಐ ಎರಡೂ ತುದಿಯಲ್ಲಿ ಸರಿ ಇದೆಯಾ ಅಂತ ಸಿಮ್ಯುಲೇಶನ್‌ನಲ್ಲೇ ನೋಡಿ, ಬೆಂಚ್ ಮೇಲೆ ಮೋಟಾರ್ ಬೇಯಿಸಬೇಕಿಲ್ಲ.

ದಾಖಲಿಸುವಾಗ ಒಂದು ಎಚ್ಚರ: ಲೂಪ್ ಒಳಗೆ ಸೀರಿಯಲ್ ಪ್ರಿಂಟ್ ಇಡಬೇಡಿ. 115200 ಬಾಡ್‌ನಲ್ಲಿ ಸೆಕೆಂಡಿಗೆ 11,520 ಬೈಟ್ ಅಷ್ಟೇ. ಬಫರ್ ತುಂಬಿದರೆ ಪ್ರಿಂಟ್ ಕಾಯುತ್ತೆ, ಲೂಪ್ ಸಮಯ ತಪ್ಪುತ್ತೆ. ಸ್ಯಾಂಪಲ್‌ಗೆ 4 ಬೈಟ್‌ನಂತೆ 300 ಸ್ಯಾಂಪಲ್ ಮೆಮೊರಿಯಲ್ಲಿ ತುಂಬಿ, ಮೋಟಾರ್ ನಿಲ್ಲಿಸಿದ ಮೇಲೆ ಕಳಿಸಿ. ಊನೋದ ಒಟ್ಟು 2 ಕಿಲೋಬೈಟ್‌ನಲ್ಲಿ ಅದು ಹಿಡಿಸುತ್ತೆ. ಉದ್ದದ ಪರೀಕ್ಷೆಯನ್ನ ತುಂಡು ತುಂಡಾಗಿ ಮಾಡಿ.

ತಿರುಗುಚಕ್ರ

ಎಲ್ಲರಿಗೂ ಧನ್ಯವಾದ. ತಡ, ಸ್ಯಾಚುರೇಶನ್, ಪೂರ್ಣಾಂಕ ಎಣಿಕೆ ಮೂರೂ ಸೇರಿಸಿದ ಮೇಲೆ ಹಳೆಯ ಗೇನ್‌ಗಳಿಗೆ ಸಿಮ್ಯುಲೇಶನ್ ಕೂಡ ಬೆಂಚ್ ಥರಾನೇ ತುಯ್ದಾಡ್ತಿದೆ. 0.016 ಮತ್ತು 0.93ಕ್ಕೆ ಎರಡೂ ಕಡೆ ನಿಂತಿತು. ಇನ್ನು ಇದೇ ಮೋಟಾರಿಗೆ 1:30 ಗೇರ್‌ಬಾಕ್ಸ್ ಸೇರಿಸಿದರೆ ಯಾವುದನ್ನ ಮತ್ತೆ ಅಳೀಬೇಕು?

ಕರಾವಳಿ_ಮೆಕ್ಯಾನಿಕಲ್

ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಕೆ ಹಾಗೇ ಇರ್ತವೆ. ಲೋಡ್‌ನ ಇನರ್ಶಿಯಾ ಮೋಟಾರ್ ಬದಿಗೆ 900ರಿಂದ ಭಾಗಿಸಿ ಬರ್ತದೆ, ಹಾಗಾಗಿ ಚಕ್ರ ಸಣ್ಣದಾದರೆ ಅದರಿಂದ ದೊಡ್ಡ ವ್ಯತ್ಯಾಸ ಇಲ್ಲ. ಘರ್ಷಣೆ ಪೂರ್ತಿ ಹೊಸದು, ಎರಡೂ ದಿಕ್ಕಿನಲ್ಲಿ ಬೇರೆ ಬೇರೆ ಅಳೆಯಿರಿ. ಗ್ರೀಸ್ ತಣ್ಣಗಿದ್ದಾಗ ಒಂದು, ಹತ್ತು ನಿಮಿಷ ಓಡಿದ ಮೇಲೆ ಇನ್ನೊಂದು. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಅಳೆಯಲಿಕ್ಕೆ ಮೋಟಾರ್ ಶಾಫ್ಟ್ ಹಿಡಿದು ಔಟ್‌ಪುಟ್ ಶಾಫ್ಟ್‌ಗೆ ಉದ್ದ ಕಡ್ಡಿ ಕಟ್ಟಿ, ತುದಿ ಎಷ್ಟು ಮಿಲಿಮೀಟರ್ ಆಡ್ತದೆ ನೋಡಿ ಉದ್ದದಿಂದ ಭಾಗಿಸಿ. 200 ಮಿ.ಮೀ. ಕಡ್ಡಿಯ ತುದಿ 7 ಮಿ.ಮೀ. ಆಡಿದರೆ 2 ಡಿಗ್ರಿ. ಮೋಟಾರ್ ಬದಿಯಲ್ಲಿ ಅದು 60 ಡಿಗ್ರಿ. ವೇಗ ಒಂದೇ ದಿಕ್ಕಿನಲ್ಲಿ ಇರುವ ತನಕ ಅದನ್ನು ಮಾಡೆಲ್‌ನಲ್ಲಿ ಬಿಡಬಹುದು. ದಿಕ್ಕು ಬದಲಿಸುವ ಅಥವಾ ಸ್ಥಾನ ಹಿಡಿಯುವ ಕೆಲಸಕ್ಕೆ ಅದು ಬೇಕೇ ಬೇಕು.